ಪತ್ರಿ ಗಿಡ ಇದ್ದಲ್ಲಿ ಪಾಚಿ

ಕೊಪ್ಪಳದ ಏಪ್ರಿಲ್ ಬಿಸಿಲಿಗೆ ಮಾಳಿಗೆಯ ಮೇಲೆ ಹರವಿದ ಮೆಣಸಿನಕಾಯಿ ಮಧ್ಯಾಹ್ನದೊಳಗೆ ಗಲಗಲ ಎನ್ನುತ್ತದೆ. ಅಂಥ ಬಿಸಿಲಿನಲ್ಲಿ ನಮ್ಮ ಹಿತ್ತಲ ಗೋಡೆಯ ಬುಡದಲ್ಲಿ ಪಾಚಿ ಹಸಿರಾಗಿತ್ತು. ಬಡಪಾಯಿ ಹಸಿರಲ್ಲ, ಉಂಡುಟ್ಟು ಬೆಳೆದ ಹಸಿರು. ಬೆರಳಿಟ್ಟರೆ ವೆಲ್ವೆಟ್ಟು, ಬೆರಳು ತೆಗೆದರೆ ತಣ್ಣಗೆ. ನಳಕ್ಕೆ ನೀರು ಯಾವತ್ತು ಬರುತ್ತದೆಂದು ಓಣಿಯ ಹೆಂಗಸರೆಲ್ಲ ಕಿವಿ ತೆರೆದುಕೊಂಡು ಕೂರುವ ಊರು ಇದು. ಅಕ್ಕಿ ತೊಳೆದ ನೀರನ್ನೂ ಕರಿಬೇವಿಗೆ ಹಾಕುವ ಮನೆ ನಮ್ಮದು. ಇಲ್ಲಿ ಪಾಚಿ ಹಸಿರಾಗಿದೆ ಅಂದರೆ ಯಾರೋ ದಿನಾ ನೀರು ಕುಡಿಸುತ್ತಿದ್ದಾರೆ ಅಂತಲೇ ಅರ್ಥ.

ಯಾರು ಎನ್ನುವುದು ನನ್ನ ಪ್ರಶ್ನೆಯಾಯಿತು. ಸುಮ್ಮನೆ ಕುತೂಹಲಕ್ಕಲ್ಲ. ಹಿಂದಿನ ಮಳೆಗಾಲದಲ್ಲಿ ಅಕ್ಕ ಅದೇ ಗೋಡೆಯ ಹತ್ತಿರ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಅಕ್ಕ ಅಂದರೆ ನನ್ನ ಯಜಮಾನರ ಅಕ್ಕ. ಕುಕನೂರಿಗೆ ಕೊಟ್ಟಿದ್ದರಂತೆ, ಗಂಡ ಬೇಗ ತೀರಿಕೊಂಡು ತವರಿಗೆ ಬಂದವರು, ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲಿನಿಂದ ಇಲ್ಲಿದ್ದಾರೆ. ನನ್ನ ಯಜಮಾನರು ಹೋದ ಮೇಲೂ ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಜಗಳಾಡಿಕೊಂಡು ಬಂದಿದ್ದೇವೆ. ಪ್ಲಾಸ್ಟರ್ ಬಿಚ್ಚಿದ ದಿನ ನನ್ನ ಮಗ ಊಟದ ತಟ್ಟೆಯ ಮುಂದೆ ಕುಳಿತು ತೀರ್ಪು ಕೊಟ್ಟಿದ್ದ.

“ಅತ್ತಿ, ಈ ಸಲ ಕೈ ಹೋತು. ಮುಂದಿನ ಸಲ ಸೊಂಟ ಹೋಗತೈತಿ. ಇನ್ನೊಮ್ಮೆ ಅಲ್ಲಿ ಹಸಿ ಕಂಡ್ರ ಹಿತ್ತಲ ಬಾಗಲಕ್ಕ ಕೀಲಿ ಹಾಕಿ ಕೀಲಿಕೈ ಅಂಗಡಿಗೆ ಒಯ್ತೀನಿ. ಪೂಜಿ ಗೀಜಿ ಎಲ್ಲಾ ಒಳಗ.”

“ಹಾಕಪಾ. ನನಗೂ ಒಂದ ಕೀಲಿ ಹಾಕಿಬಿಡು, ಚಿಂತಿ ಇಲ್ಲ” ಎಂದರು ಅಕ್ಕ. ಆಮೇಲೆ ಮಜ್ಜಿಗೆ ಬಡಿಸಿಕೊಳ್ಳಲಿಲ್ಲ.

ಅವರಿಗೆ ಹಿತ್ತಲೆಂದರೆ ದಿನದ ಮೊದಲ ಹೊತ್ತು. ಇನ್ನೂ ಯಾರೂ ಏಳದಾಗ ಚಿಲಕ ತೆಗೆದು, ಹೊರಗೆ ನಿಂತು, ಆಕಾಶಕ್ಕೆ ಒಂದು ಸಲ ಮುಖ ತೋರಿಸಿ, ಅಷ್ಟೂ ಉದ್ದಕ್ಕೆ ತಾವೇ ನಡೆದು ಬರುವುದು. ಮೊಣಕಾಲಿನ ನೋವಿಗೆ ಬಜಾರ, ಮಠ, ಬೀಗರ ಮನೆ ಎಲ್ಲಾ ನಿಂತುಹೋಗಿದ್ದವು. ಉಳಿದದ್ದು ಇಷ್ಟೇ ಹೊರಗು. ಅದಕ್ಕೂ ಕೀಲಿ ಬಿದ್ದರೆ ಆಕೆ ಹಾಸಿಗೆ ಹಿಡಿಯುತ್ತಾರೆ ಎಂದು ನನಗೆ ಗೊತ್ತಿತ್ತು. ಮಗನಿಗೆ ಗೊತ್ತಿರಲಿಲ್ಲ. ಅವನ ಭಯವೂ ಸುಳ್ಳಲ್ಲ. ಹಾಗಾಗಿ ನಾನು ಮಧ್ಯೆ ಬಾಯಿ ಹಾಕಿ, ಪಾಚಿಯ ಜವಾಬ್ದಾರಿ ನನ್ನದು, ಒಂದು ಚೂರೂ ಇಲ್ಲದ ಹಾಗೆ ಮಾಡುತ್ತೇನೆ ಎಂದುಬಿಟ್ಟೆ. ಪ್ರಾಮಿಸ್ ಮಾಡುವುದು ಕಾನ್ವೆಂಟಿನಲ್ಲಿ ಕಲಿತ ಚಟ.

ನಾನು ಹುಟ್ಟಿದ್ದು ಗಂಗಾವತಿಯಲ್ಲಿ. ಅಲ್ಲಿ ಪಾಚಿಗೆ ಯಾರೂ ಅನುಮಾನ ಪಡುವುದಿಲ್ಲ. ಮರಳಿ ಊರಿನ ಕಡೆ ಹೋದರೆ ಕಾಲುವೆ, ಗದ್ದೆ, ಗದ್ದೆಯ ಬದು, ಬದುವಿನ ಕಲ್ಲು, ಎಲ್ಲಕ್ಕೂ ಹಸಿರು ಬಳಿದಿರುತ್ತದೆ. ಬಚ್ಚಲ ಹಿಂದಿನ ಗೋಡೆಯ ಪಾಚಿಯ ಮೇಲೆ ನಾವು ಉಗುರಿನಿಂದ ಹೆಸರು ಬರೆಯುತ್ತಿದ್ದೆವು. ಮುಂದೆ ಬೋರ್ಡಿಂಗಿನಲ್ಲಿ ಬಾಟನಿ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ಚಾಪೆಲ್ಲಿನ ಹಿಂದಿನ ಗೋಡೆಗೆ ನಮ್ಮನ್ನು ಕರೆದೊಯ್ದು, ಒಂದು ಚೂರು ಪಾಚಿ ಕಿತ್ತು ಅಂಗೈಯಲ್ಲಿಟ್ಟು, “ಗರ್ಲ್ಸ್, ಲುಕ್, ನೋ ರೂಟ್ಸ್” ಎಂದಿದ್ದರು. ಇದಕ್ಕೆ ಬೇರಿಲ್ಲ, ಕಲ್ಲನ್ನು ಹಿಡಿದುಕೊಳ್ಳಲು ಕೂದಲಿನಂಥ ಎಳೆಗಳಿವೆ ಅಷ್ಟೇ. ನೀರನ್ನು ಮೈಯಿಂದಲೇ ಕುಡಿಯುತ್ತದೆ. ಹಾಗಾಗಿ ನೀರು ಎಲ್ಲಿದೆಯೋ ಅಲ್ಲೇ ಕುಳಿತಿರುತ್ತದೆ, ದೂರದಿಂದ ಎಳೆದುಕೊಳ್ಳಲಾರದು. ನಾವು ಕನ್ನಡದಲ್ಲಿ ಎಲ್ಲಕ್ಕೂ ಪಾಚಿ ಅಂದುಬಿಡುತ್ತೇವೆ, ಅಕ್ಕ ಹಾವಸಿ ಅನ್ನುತ್ತಾರೆ. ಕಲ್ಲಿನ ಮೇಲೆ ಲೋಳೆಯಾಗಿ ಹರಡಿ ಕಾಲು ಜಾರಿಸುವುದು ಒಂದು, ಮೆತ್ತಗೆ ದಿಂಡಾಗಿ ಬೆಳೆಯುವ ಮಾಸ್ ಇನ್ನೊಂದು. ಎರಡನೆಯದು ತೇವ ಹಿಡಿದಿಡುತ್ತದೆ, ಮೊದಲನೆಯದು ಅದರ ಪಕ್ಕದಲ್ಲಿ ಸಂಸಾರ ಹೂಡುತ್ತದೆ. ಇಷ್ಟು ತಿಳುವಳಿಕೆ ಇಟ್ಟುಕೊಂಡು ನಾನು ಯುದ್ಧಕ್ಕೆ ಇಳಿದೆ.

ಮೊದಲು ಖುರ್ಪಿಯಿಂದ ಕೆರೆಸಿದೆ. ಕೆಲಸದಾಕೆ ನೆಲಕ್ಕೆ ಹಾಸಿದ ಫರಸಿ ಕಲ್ಲುಗಳ ಸಂದಿನಲ್ಲಿ ತಂತಿ ಬ್ರಶ್ಶು ಆಡಿಸಿದಳು. ಕೆಲವೇ ದಿನ ಬೋಳಾಗಿದ್ದು ಮತ್ತೆ ಸಂದಿಯಿಂದ ಹಸಿರು ಇಣುಕಿತು. ಸುಣ್ಣ ಬಳಿಸಿದೆ. ಸುಣ್ಣದ ಬಿಳುಪಿನ ಮೇಲೆ ಹಸಿರು ಇನ್ನೂ ಚೆಂದ ಕಾಣಿಸಿತು. ಬ್ಲೀಚಿಂಗ್ ಪೌಡರ್ ಕಲಸಿ ಹಾಕಲು ಹೋದಾಗ ಅಕ್ಕ ಒಳಗಿನಿಂದ ಮೂಗಿಗೆ ಸೆರಗು ಹಿಡಿದು ಬಂದರು.

“ಏ, ಅದೇನ ದವಾಖಾನಿ ವಾಸನಿ ತಂದಿ? ಅಲ್ಲಿ ಹಾಕಬ್ಯಾಡ.”

“ಎಲ್ಲಿ ಹಾಕಬ್ಯಾಡ?”

“ಗ್ವಾಡಿ ಬುಡಕ. ಆಕಡೆ ಬೇಕಾದಷ್ಟು ಹಾಕ್ಕೋ.”

“ಅಕ್ಕಾರ, ಪಾಚಿ ಇರೋದು ಗ್ವಾಡಿ ಬುಡಕ. ಆಕಡೆ ಹಾಕಿ ಏನ್ ಮಾಡ್ಲಿ?”

“ಇಂಗ್ಲೀಷ್ ಸಾಲ್ಯಾಗ ಓದೀದಿ, ನಿನಗ ತಿಳೀಬೇಕು” ಎಂದು ಒಳಗೆ ಹೋದರು.

ಮಗನಿಗೆ ಗೊಬ್ಬರ, ಬೀಜ, ಔಷಧಿಯ ಅಂಗಡಿ. ಕುಷ್ಟಗಿ ಕಡೆಯ ದಾಳಿಂಬೆಯವರು ಒಯ್ಯುವ ಮೈಲುತುತ್ತವನ್ನು ಒಂದು ಪುಡಿಕೆ ತಂದುಕೊಟ್ಟ. ನೀಲಿ ಹರಳು, ನೋಡಲಿಕ್ಕೆ ಜ್ಯುವೆಲ್ಸ್. ಅದನ್ನು ನೀರಲ್ಲಿ ಕರಗಿಸಲು ಹೊರಟಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತರು. “ವಿಷಾ ಅದು. ಆ ಜಾಗಾಕ ವಿಷಾ ಹಾಕ್ತೀರಾ?” ಎಂದರು. ಆಗಲೇ ನನಗೆ ಹೊಳೆಯಬೇಕಿತ್ತೇನೋ. ಆದರೆ ನನ್ನ ಅನುಮಾನ ಆಗ ಗೋಡೆಯ ಆಚೆ ಹೋಗಿತ್ತು. ಆ ದಿನಗಳಲ್ಲಿ ನನಗೆ ಪಕ್ಕದ ಮನೆಯವಳ ಮೇಲೆ ಪೂರ್ತಿ ಸಸ್ಪಿಶನ್.

ಅವರು ಎರಡು ವರ್ಷದ ಹಿಂದೆ ಮನೆಗೆ ಮೇಲ್ಮಹಡಿ ಎತ್ತಿದ್ದರು. ಕುಡಿಯುವ ನೀರಿಗೆ ಫಿಲ್ಟರ್ ಕೂಡಿಸಿದ್ದರು. ಫಿಲ್ಟರು ಒಂದು ಕೊಡ ಸಿಹಿನೀರು ಕೊಡಲು ಅದಕ್ಕಿಂತ ಹೆಚ್ಚು ನೀರನ್ನು ಆಚೆ ಉಗುಳುತ್ತದೆ ಎಂದು ಮಗ ಹೇಳಿದ್ದ. ಆ ಉಗುಳಿದ ನೀರು ಎಲ್ಲಿಗೆ ಹೋಗುತ್ತದೆ? ಸಣ್ಣ ಬಿಳಿ ಪೈಪೊಂದು ಅವರ ಅಡುಗೆಮನೆಯ ಕಿಟಕಿಯಿಂದ ನಮ್ಮ ಗೋಡೆಯ ಕಡೆಗೇ ಮುಖ ಮಾಡಿತ್ತು. ನನಗೆ ಇದಕ್ಕಿಂತ ಎವಿಡೆನ್ಸ್ ಬೇಕಿರಲಿಲ್ಲ. ಒಂದು ಬೆಳಿಗ್ಗೆ ಬಟ್ಟೆ ಒಣಹಾಕುವ ನೆವ ಮಾಡಿಕೊಂಡು ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತೆ. ಅವಳು ಆಚೆ ಪಾತ್ರೆ ಬೋರಲು ಹಾಕುತ್ತಿದ್ದಳು.

“ಫಿಲ್ಟರ್ ಛಲೋ ನಡದೈತೇನ್ವಾ?” ಎಂದೆ, ಬಹಳ ಸಿಹಿಯಾಗಿ.

“ನಡದೈತ್ರಿ ಆಂಟಿ. ಯಾಕ್ರಿ, ನೀವೂ ಕೂಡ್ರಸಾಕತ್ತೀರೇನ್ರಿ?”

“ಇಲ್ಲ. ಅದರ ವೇಸ್ಟ್ ವಾಟರ್ ಎಲ್ಲಿ ಹೊಕ್ಕೈತಿ ಅಂತ.”

ಅವಳು ಪಾತ್ರೆ ಬಿಟ್ಟು ಸೊಂಟಕ್ಕೆ ಕೈ ಇಟ್ಟಳು. “ಹಾಂ. ಈಗ ತಿಳೀತ್ರಿ. ಮೊನ್ನಿಂದ ನೀವು ಕಲ್ಲ ಏರಿ ಇಣಕಿ ನೋಡೋದು ನಾ ನೋಡಾಕತ್ತೀನಿ. ನಮ್ಮತ್ತಿ ಅಂದ್ರು, ಆಂಟಿಗೆ ನಮ್ಮ ಮನ್ಯಾಗ ಏನ್ ಅಡಗಿ ಮಾಡ್ತಾರಂತ ನೋಡಬೇಕಾಗೈತೇನೋ ಅಂತ.”

“ಅಡಗಿ ಅಲ್ಲವಾ, ಪಾಚಿ. ನಮ್ಮ ಕಡೆ ಗ್ವಾಡಿ ಬುಡಕ ಪಾಚಿ ಬೆಳದೈತಿ.”

“ಪಾಚಿ ಬೆಳದ್ರ ನನ್ನ ಮ್ಯಾಲ ಕಂಪ್ಲೇಂಟೇನ್ರಿ? ಬರ್ರಿ, ಇಲ್ಲೇ ಬಂದ ನೋಡ್ರಿ. ಪೈಪ್ ಬಕೀಟಿನ್ಯಾಗ ಐತಿ. ಆ ನೀರಿಲೆ ನಾ ಬಾತ್‌ರೂಮ ತೊಳೀತೀನಿ, ಗಾಡಿ ತೊಳೀತೀನಿ. ಈ ಬ್ಯಾಸಗ್ಯಾಗ ನಿಮಗ ಪುಕ್ಕಟ ನೀರ ಕಳಸಾಕ ನಂಗೇನ ಹುಚ್ಚ ಹಿಡದೈತೇನ್ರಿ?”

ಹೋಗಿ ನೋಡಿದೆ. ಪೈಪು ಬಕೆಟ್ಟಿನಲ್ಲೇ ಇತ್ತು, ಅವರ ಕಡೆ ಗೋಡೆಯ ಬುಡ ರೊಟ್ಟಿಯಷ್ಟು ಒಣಗಿತ್ತು. ಅವಳು ಚಹಾ ಕೊಟ್ಟಳು. ಕುಡಿದೆ. ಆದರೂ ನಾನು ಪೂರ್ತಿ ಖುಲಾಸೆ ಮಾಡಲಿಲ್ಲ. ಅವರ ಮೇಲ್ಮಹಡಿ ಬಂದ ಮೇಲೆ ನಮ್ಮ ಹಿತ್ತಲಿಗೆ ಬೆಳಗಿನ ಬಿಸಿಲು ಬರುವುದೇ ನಿಂತಿತ್ತಲ್ಲ. ನೆರಳು ಅವಳದು. ನೀರು ಮಾತ್ರ ಯಾರದೋ.

ಮುಂದಿನ ಸಸ್ಪೆಕ್ಟು ನಮ್ಮ ಕೆಲಸದಾಕೆ. ಬಟ್ಟೆ ಒಗೆದ ನೀರನ್ನು ಮೋರಿಗೆ ಬಿಡದೆ ಗೋಡೆಗೆ ಎಸೆಯುತ್ತಾಳೋ ಏನೋ ಎಂದು ಎರಡು ಮೂರು ದಿನ ಅಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಓದಿದೆ. ಅವಳ ನೀರು ಸರಿಯಾಗಿ ಮೋರಿಗೇ ಹೋಯಿತು. ಆದರೆ ಇನ್ನೊಂದು ಕಂಡಿತು. ಅವಳು ಕಸ ಹೊಡೆಯುವಾಗ ಗೋಡೆಯ ಬುಡದವರೆಗೂ ಹೋಗಿ, ಪಾಚಿ ಇದ್ದ ಜಾಗ ಬಂದ ಕೂಡಲೇ ಸುತ್ತು ಹಾಕಿದಳು. ಬರೀ ಬಯಲು ಫರಸಿ ಅದು, ಅಡ್ಡ ಏನೂ ಇಲ್ಲ.

“ಅಲ್ಲಿ ಯಾಕ ಕಸ ಹೊಡಿಯೂದಿಲ್ಲ?” ಎಂದೆ.

“ಅಲ್ಲಿ ಕಾಲ ಇಡಂಗಿಲ್ರೀ. ಅವ್ವಾರು ಬೈತಾರ.”

“ಯಾವ ಅವ್ವಾರು?”

“ದೊಡ್ಡ ಅವ್ವಾರ ರೀ. ಕೆರಿಯಾಕ ಹೇಳಿದ್ದಕ್ಕ ಕೆರದೆ. ಅವತ್ತ ಭಾಳ ಬೈಸ್ಕೊಂಡೆ. ನಿಮಗ ಹೇಳಬ್ಯಾಡ ಅಂದಿದ್ರು.”

ಎದ್ದು ಹೋಗಿ ಪಾಚಿಯನ್ನು ಮತ್ತೆ ನೋಡಿದೆ. ಹತ್ತಿರದಿಂದ ನೋಡುತ್ತಿದ್ದಾಗ ಕಾಣದ್ದು ಈಗ ನಿಂತು ನೋಡಿದಾಗ ಕಂಡಿತು. ಹಸಿರು ದುಂಡಗಿತ್ತು. ಒಂದು ಕಟ್ಟೆಯಷ್ಟು ದುಂಡಗೆ, ಅಲ್ಲಿಂದ ಫರಸಿಯ ಸಂದಿಗುಂಟ ಒಗೆಯುವ ಕಲ್ಲಿನ ತನಕ ಒಂದು ಗೆರೆ.

ಅಲ್ಲಿ ಪತ್ರಿ ಗಿಡ ಇತ್ತು, ಪೂಜೆಗೆ ಎಲೆ ಕೊಡುವ ಬಿಲ್ವ. ನಾನು ಸೊಸೆಯಾಗಿ ಬಂದಾಗಲೇ ದೊಡ್ಡದಾಗಿತ್ತು. ನಮ್ಮ ಮನೆಯಲ್ಲಿ ಲಿಂಗಪೂಜೆಯ ನೀರನ್ನು ಬಚ್ಚಲಿಗೆ ಚೆಲ್ಲುವಂತಿಲ್ಲ, ಯಾರೂ ತುಳಿಯುವಲ್ಲಿ ಹಾಕುವಂತಿಲ್ಲ. ಪೂಜೆಗೆಂದು ಪ್ರತ್ಯೇಕ ತುಂಬಿಟ್ಟ ಮೀಸಲು ಕೊಡವೂ ಹಾಗೇ: ನಿನ್ನೆಯ ನೀರು ಇವತ್ತಿನ ಪೂಜೆಗೆ ಬರುವುದಿಲ್ಲ, ಮುಸುರೆ ತೊಳೆಯಲಿಕ್ಕೂ ಸಲ್ಲುವುದಿಲ್ಲ. ಅದೆಲ್ಲ ದಿನಾ ಬೆಳಿಗ್ಗೆ ಪತ್ರಿ ಗಿಡದ ಬುಡಕ್ಕೆ ಹೋಗುತ್ತಿತ್ತು, ಅಕ್ಕನ ಕೈಯಿಂದ. ಪಕ್ಕದವರು ಮಹಡಿ ಕಟ್ಟುವಾಗ ಬೇರು ಪಾಯಕ್ಕೆ ಬಂದಿದೆ ಎಂದರು, ಗಿಡವೂ ಆಗಲೇ ಅರ್ಧ ಒಣಗಿತ್ತು. ತೆಗೆಸಿದೆವು. ಮಗ ಹಿತ್ತಲಿಗೆಲ್ಲ ಫರಸಿ ಹಾಕಿಸಿ ನೀಟ್ ಮಾಡಿದ. ಪೂಜೆಯ ನೀರು ಇನ್ನು ಮುಂದೆ ಅಂಗಳದ ದಾಸವಾಳಕ್ಕೆ ಎಂದು ಮಾತಾಯಿತು. ಅಕ್ಕ ಹೂಂ ಎಂದಿದ್ದರು. ನಾವೆಲ್ಲ ನಂಬಿದ್ದೆವು.

ಆದರೂ ಗೆಸ್ ಮಾಡಿದ್ದು ಬೇರೆ, ಕಣ್ಣಾರೆ ಕಂಡದ್ದು ಬೇರೆ. ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ಅಡುಗೆಮನೆಯ ಕಿಟಕಿಯ ಹಿಂದೆ ನಿಂತೆ. ದೀಪ ಹಾಕಲಿಲ್ಲ. ಇಷ್ಟು ವಯಸ್ಸಿನಲ್ಲಿ ಮನೆಯವರನ್ನೇ ಕದ್ದು ನೋಡುವ ಕೆಲಸ! ಚಿಲಕದ ಸಪ್ಪಳವಾಯಿತು. ಅಕ್ಕ ತಾಮ್ರದ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡಿದ್ದರು. ಮುರಿದು ಕೂಡಿದ ಕೈಯಿಂದ ಕೊಡದ ಕಂಠ ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ಪೂಜೆಯ ತಂಬಿಗೆ. ಗೋಡೆಯ ಹತ್ತಿರ ಹೋಗಿ ಮೊದಲು ತಂಬಿಗೆ, ಆಮೇಲೆ ಕೊಡ, ಸಪ್ಪಳವಾಗದ ಹಾಗೆ ನಿಧಾನಕ್ಕೆ ಬಗ್ಗಿಸಿದರು. ನೀರು ಇಳಿಯಲು ಮಣ್ಣೆಲ್ಲಿ? ಫರಸಿಯ ಮೇಲೆ ದುಂಡಗೆ ನಿಂತು, ಸಂದಿ ಹಿಡಿದು, ಒಗೆಯುವ ಕಲ್ಲಿನ ಕಡೆ ಹರಿಯಿತು. ಅಕ್ಕ ಪಾಚಿಯ ಮೇಲೆ ಕಾಲಿಡಲಿಲ್ಲ. ಪೂಜೆಯ ನೀರನ್ನು ತುಳಿಯಬಾರದೆಂದು ಸುತ್ತು ಹಾಕಿ, ಒಂದು ಕಾಲನ್ನು ಎತ್ತಿ ಒಗೆಯುವ ಕಲ್ಲಿನ ಲೋಳೆಯ ಮೇಲೆ ಇಟ್ಟು ತಿರುಗಿದರು. ಗೋಡೆ ಹಿಡಿದುಕೊಂಡರು. ಹಿಂದಿನ ಮಳೆಗಾಲದಲ್ಲಿ ಬಿದ್ದದ್ದು ಹೀಗೆಯೇ ಎಂದು ಅರ್ಥವಾಯಿತು. ಪಾಚಿ ತುಳಿದಲ್ಲ, ತುಳಿಯದಿರಲು ಹೋಗಿ.

ಮಗನಿಗೆ ಹೇಳಿದರೆ ಅವತ್ತೇ ಕೀಲಿ. ಹೇಳದಿದ್ದರೆ ಇವತ್ತಲ್ಲ ನಾಳೆ ಸೊಂಟ. ಎರಡಕ್ಕೂ ನಾನೇ ಸಾಕ್ಷಿ. ಅವರು ಒಳಗೆ ಬರುವಷ್ಟರಲ್ಲಿ ಚಹಾಕ್ಕೆ ಇಟ್ಟಿದ್ದೆ.

“ಇಷ್ಟ ಲಗೂ ಎದ್ದೀದಿ?” ಎಂದರು ಅಕ್ಕ. ಕೊಡವನ್ನು ಸೆರಗಿನ ಹಿಂದೆ ಸರಿಸಿದರು.

“ನೋಡಿದೆ, ಅಕ್ಕಾರ.”

ಅವರು ಮಣೆ ಎಳೆದುಕೊಂಡು ಕುಳಿತರು.

“ನನಗ ಗೊತ್ತಿತ್ತು ನೀ ನನ್ನ ಹಿಂದ ಬಿದ್ದೀದಿ ಅಂತ. ಕುರ್ಚಿ ಹಾಕ್ಕೊಂಡು ಪೇಪರ್ ಓದೋ ಜಾಗಾನ ಅದು? ಹೇಳು, ಹೋಗಿ ಹೇಳು ನಿನ್ನ ಮಗಗ.”

“ದಾಸವಾಳಕ್ಕ ಹಾಕ್ತೀನಿ ಅಂದಿದ್ರಲ್ಲ?”

“ದಾಸವಾಳ ಬಾಗಲ ಮುಂದ ಐತಿ. ಹಾಲಿನಾವ ತುಳೀತಾನ, ಪೇಪರಿನಾವ ತುಳೀತಾನ, ನಾಯಿ ಬಂದ ಮಲಗತೈತಿ. ಅಲ್ಲಿ ಹಾಕ್ಲೇನು ದೇವರ ನೀರು?”

“ಹಿತ್ತಲದಾಗ ಗಿಡಾನ ಇಲ್ಲಲ್ರಿ.”

“ಗಿಡಾ ಹೋತು. ಜಾಗಾ ಹೋಗೈತೇನು? ನಮ್ಮವ್ವ ಅಲ್ಲೇ ಹಾಕಿದ್ಲು. ನಿಮ್ಮತ್ತಿ ಆಕಿ. ನೀ ಬಂದ ಹೊಸದಾಗಿ ನೀನೂ ಹಾಕೀದಿ, ಮರತೀದಿ.”

ನಾನು ಮರೆತಿರಲಿಲ್ಲ. ಚಹಾ ಸೋಸಿದೆ. ವಾದ ಮಾಡಲು ನನ್ನ ಹತ್ತಿರ ಬೇಕಾದಷ್ಟು ಸೈನ್ಸ್ ಇತ್ತು, ಹೈಜೀನ್ ಇತ್ತು. ಆದರೆ ಆಕೆಯ ಮಾತಿನಲ್ಲೂ ಒಂದು ಲಾಜಿಕ್ ಇತ್ತು. ನೀರನ್ನು ಅವರು ತಪ್ಪು ಜಾಗಕ್ಕೆ ಹಾಕುತ್ತಿರಲಿಲ್ಲ. ಆ ಜಾಗಕ್ಕೆ ನಾವು ಕಲ್ಲು ಹೊದಿಸಿದ್ದೆವು. ಮೊದಲು ಬೇರು ಕುಡಿಯುತ್ತಿತ್ತು, ಮಣ್ಣು ಕುಡಿಯುತ್ತಿತ್ತು, ಮಧ್ಯಾಹ್ನದೊಳಗೆ ಒಣಗಿಹೋಗುತ್ತಿತ್ತು. ಈಗ ಕುಡಿಯುವವರಿಲ್ಲ. ಮೇಲಿಂದ ಪಕ್ಕದವರ ನೆರಳು. ಯಾರ ಕಾಲೂ ಬೀಳುವುದಿಲ್ಲ. ನಾನೇ ಪಾಚಿ ಆಗಿದ್ದರೂ ಇದಕ್ಕಿಂತ ಒಳ್ಳೆಯ ಅಡ್ರೆಸ್ ಹುಡುಕುತ್ತಿರಲಿಲ್ಲ.

ಸಂಜೆ ಮಗ ಅಂಗಡಿಯಿಂದ ಬಂದವನೇ ಹಿತ್ತಲಿಗೆ ಹೋಗಿ ನಿಂತ. ಅವನಿಗೂ ಅನುಮಾನವಿತ್ತೆಂದು ತೋರುತ್ತದೆ. ಮೈಲುತುತ್ತದ ಪುಡಿಕೆ ಹಾಗೇ ಅಲಮಾರಿನಲ್ಲಿದ್ದದ್ದನ್ನು ನೋಡಿದ್ದ.

“ಅವ್ವ, ಔಷಧಿ ಹಾಕಿಲ್ಲ. ಪಾಚಿ ಹಂಗ ಐತಿ. ಯಾರದ ನೀರಿದು?”

“ಗೊತ್ತಾಗೈತಿ. ಬಂದ ಮಾಡಬಹುದು” ಎಂದೆ.

“ಯಾರದಂತ ಕೇಳಿದೆ.”

ಬಾಗಿಲಲ್ಲಿ ನಿಂತಿದ್ದ ಅಕ್ಕನೇ ಹೇಳಿಬಿಟ್ಟರು. “ನಂದು. ಏನ್ ಮಾಡ್ತಿ? ಕೀಲಿ ತಂದೀಯೇನು?”

ಅವನು ತಿರುಗಿ ನೋಡಿದ. “ಅತ್ತಿ, ಕೈ ಮುರಕೊಂಡಿದ್ದು ಸಾಲದಾತೇನು? ಆ ಕೊಡಾ ಹೊತ್ತು...”

“ಒಳಗ ಕೂಡಿಸ್ತಿ ಅಂದ್ರ ಕೂಡಿಸು. ಆದ್ರ ಪೂಜಿ ಮುಗದ ಮ್ಯಾಲ ಆ ನೀರ ಕೈಯಾಗ ಹಿಡ್ಕೊಂಡು ನಾ ಎಲ್ಲಿ ನಿಂದರ್ಲಿ, ಅದನ್ನಷ್ಟ ಹೇಳು. ಬಚ್ಚಲಕ್ಕ ಹಾಕು ಅಂತ ನಿನ್ನ ಬಾಯಿಲೆ ಹೇಳು, ಹಾಕ್ತೀನಿ.”

ದಿನಾ ಬೆಳಿಗ್ಗೆ ಮಗನ ಹಣೆಗೆ ವಿಭೂತಿ ಹಚ್ಚಿ ಅಂಗಡಿಗೆ ಕಳಿಸುವುದು ಆಕೆಯೇ. ಅವನು ಒಗೆಯುವ ಕಲ್ಲಿನ ಮೇಲೆ ಕುಳಿತ, ಕುಳಿತವನು ಪ್ಯಾಂಟು ಹಸಿಯಾಯಿತೆಂದು ಎದ್ದ. ಅವನ ಹೆಂಡತಿ, ನನ್ನ ಸೊಸೆ, ಒಳಗಿನಿಂದ ನಕ್ಕಳು. ನಾನು ಆ ಸಂದಿನಲ್ಲಿ ನನ್ನ ಮಾತು ತುರುಕಿದೆ: ಗಿಡ ಇದ್ದಷ್ಟು ಜಾಗದ ಫರಸಿ ಎಬ್ಬಿಸೋಣ, ಮಣ್ಣು ತೆರೆಯೋಣ, ಒಗೆಯುವ ಕಲ್ಲನ್ನು ಮೋರಿಯ ಕಡೆ ಸರಿಸೋಣ, ಬಾಗಿಲಿನಿಂದ ಅಲ್ಲಿಯವರೆಗೆ ಕಾಲು ಜಾರದಂಥ ಖರಬರಾ ಕಲ್ಲು ಹಾಕೋಣ. ಕೊಡ ಬೇಡ, ಸಣ್ಣ ಬಿಂದಿಗೆಯಲ್ಲಿ ಮೀಸಲು ನೀರು ಹಿಡಿದರೆ ಸಾಕು.

“ಸಣ್ಣ ಬಿಂದಗಿ ಆಗಂಗಿಲ್ಲ” ಎಂದರು ಅಕ್ಕ.

“ಆಗತೈತಿ” ಎಂದ ಮಗ. “ಬಿಂದಗಿ ಸಣ್ಣದ, ಬಾಗಲಾ ತೆಗದ. ಇಲ್ಲಾ ಕೊಡಾ ದೊಡ್ಡದು, ಬಾಗಲಾ ಬಂದ. ಯಾವದಾದ್ರ ಒಂದು ಹೇಳು.”

ಅಕ್ಕ, “ವ್ಯಾಪಾರ ಮಾಡಿ ಮಾಡಿ ಮನ್ಯಾಗೂ ತಕ್ಕಡಿ ಹಿಡೀತಿ” ಎಂದರು. ಅದು ಒಪ್ಪಿಗೆ.

ಫರಸಿ ಎಬ್ಬಿಸಿದಾಗ ಕೆಳಗೆ ಕಪ್ಪು ಮಣ್ಣು ಹದವಾಗಿ ತಣ್ಣಗಿತ್ತು. ಹಳೆಯ ಬೇರಿನ ತುಂಡೊಂದು ಸಿಕ್ಕಿತು, ಸತ್ತದ್ದೇ. ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯಿಂದ ಬೀಗರು ಪತ್ರಿ ಸಸಿ ತಂದುಕೊಟ್ಟರು. ನೀರು ಸುರಿದಷ್ಟೂ ಇಂಗತೊಡಗಿತು, ಸಂದಿಯ ಗೆರೆ ಕಂದಿತು, ಮೇ ತಿಂಗಳ ಹೊತ್ತಿಗೆ ಉಳಿದ ಪಾಚಿ ಸುಟ್ಟ ಕಾಗದದಂತೆ ಎದ್ದು ಬಂತು. ಮಗ ಬರಿಗಾಲಲ್ಲಿ ನಡೆದು ನೋಡಿ ಬಾಗಿಲ ಕೀಲಿಯ ಸುದ್ದಿ ಬಿಟ್ಟ.

ನಾನು ಮಾತ್ರ ಬಿಟ್ಟಿಲ್ಲ. ಒಣಗಿದ ಒಂದು ಚೂರನ್ನು ತಂದು ತಟ್ಟೆಯಲ್ಲಿಟ್ಟು ನಾಲ್ಕು ಹನಿ ನೀರು ಬಿಟ್ಟು ನೋಡಿದ್ದೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಅದು ಕಣ್ಣು ಬಿಟ್ಟಂತೆ ಹಸಿರಾಯಿತು. ಸತ್ತಿರಲಿಲ್ಲ, ಕಾಯುತ್ತಿತ್ತು. ಅಂಥದ್ದನ್ನು ಯಾರು ನಂಬಬೇಕು? ಅಕ್ಕನನ್ನೂ ನಂಬುವುದಿಲ್ಲ, ಸಣ್ಣ ಬಿಂದಿಗೆಯಲ್ಲಿ ಒಂದೇ ಸಲ ಹೋಗುತ್ತಾರೋ ಎರಡು ಸಲ ಹೋಗುತ್ತಾರೋ ಯಾರು ಕಂಡಿದ್ದಾರೆ. ಹಾಗಾಗಿ ಈಗಲೂ ಅವರು ಎದ್ದ ಹೊತ್ತಿಗೇ ಏಳುತ್ತೇನೆ, ಕಿಟಕಿಯ ಹತ್ತಿರ ಏನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ. ಅವರು ಚಿಲಕ ತೆಗೆದು ಹೊರಗೆ ನಿಲ್ಲುತ್ತಾರೆ, ಮುಖ ಎತ್ತುತ್ತಾರೆ, ಖರಬರಾ ಕಲ್ಲಿನ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾರೆ. ಸಸಿಗೆ ನೀರು ಹಾಕಿ ತಿರುಗುವಾಗ ಕಿಟಕಿಯ ಕಡೆ ನೋಡದೆಯೇ ಕೇಳುತ್ತಾರೆ.

“ಏನ್ ನೋಡಾಕತ್ತಿ?”

“ಏನಿಲ್ರಿ. ಅಕ್ಕಿ ಆರಸಾಕತ್ತೀನಿ.”

“ಕತ್ತಲದಾಗ?”